ಹೊಟ್ಟಿಯೊಳಗಿನ ಬಸವಣ್ಣ

ಹಲೋ... ಯಾರು ಮಾತಾಡೋದು? ಮಾಂತುನ ಏನು? ನಾನೋ, ನಿಮ್ಮ ಸಿದ್ರಾಮಪ್ಪ ಮಾಮಾ, ಭೋಸರಿ ಲ್ಯಾಬಿನಿಂದ...

ಇಲ್ಲೆ ಬೆಳಗಿನಿಂದ ಹೊತ್ತು ಕಂಡಿಲ್ಲ. ಮುಗಿಲಿಗೆ ಬೂದಿ ಬಳದಂಗ ಆಗೇದ, ಒಂದು ಎಲಿ ಸುದ್ದಾ ಅಳ್ಳಾಡವಲ್ದು... ಅಲ್ಲೆ ಗಾಳಿ ಅದ? ಹಾಂ... ನಿಮ್ಮ ಬಾರ್ಜ್ ಹಡಗು ಇನ್ನೂ ಬಂದರದಾಗಽ ಅದ, ಅಲ್ಲೇನೋ?

...

ಬಿಟ್ಟೀರಿ? ಯಾವಾಗ?... ಆ ದೊಡ್ಡ ಕ್ರೇನ್ ಹೇರಿಕೊಂಡಽ?... ದಂಡಿ ಇನ್ನೂ ಕಾಣತದೇನು?

...

ಏನಿಲ್ಲ, ಒಂದು ಮಾತು ಕೇಳೂದದ. ಬಸವ ಜಯಂತಿಗೆ ಇಲ್ಲಿ ಬಂದಿದ್ಯಲ್ಲ, ಪರೀಕ್ಷೆಗಂತ ಮಾಡಿದ್ದ ನಿಮ್ಮ ಬಾರ್ಜಿನ ಮಾದರಿ ನೋಡಿ 'ತೊಟ್ಟಿಲದಾಗಿನ ಕೂಸಿನಂಗ ಅದ ಮಾಮಾ' ಅಂತ ನಕ್ಕಿದ್ದಿ. ಅದನ್ನ ತೊಟ್ಟಿ ನೀರಿಗೆ ಇಳಿಸೂಕಿಂತ ಮೊದಲು ಪೂಜಿ ನೀನಽ ಮಾಡಿದಿ. ಆ ಹಿತ್ತಾಳಿ ಬಸವಣ್ಣನ್ನ ಆಮ್ಯಾಲೆ ಎಲ್ಲಿಟ್ಟಿ?

...

ಬೈಯೂದಿಲ್ಲೋ ಹುಚ್ಚಪ್ಪಾ. ಎಲ್ಲಿಟ್ಟಿ ಹೇಳು.

...

ಅದರ ಹೊಟ್ಟಿಯೊಳಗ... ನಿಮ್ಮನ್ನೆಲ್ಲ ಕಾಯಲಿ ಅಂತ. ಹಾಂ... ಇವತ್ತು ನಮ್ಮ ಲ್ಯಾಬಿನ ಸ್ನೇಹಲ್ ಮಾದರಿ ತೊಳಿಯೂವಾಗ ಕೈಗೆ ಸಿಕ್ಕ. ಹಣಿ ಮ್ಯಾಲಿನ ಕುಂಕುಮ ಹಂಗಽ ಇತ್ತು.

...

ಭಕ್ತಿ ತಪ್ಪಲ್ಲಪಾ. ಆದ್ರ ಅಂವ ಎರಡು ಕಿಲೋ ಭಾರ. ಮಾದರಿ ಉದ್ದ, ಅಗಲ, ಎತ್ತರ ಮೂರರಾಗೂ ಐವತ್ತು ಪಟ್ಟು ಸಣ್ಣದು. ನಿಮ್ಮ ಬಾರ್ಜಿನ ತಳದಾಗ ಇನ್ನೂರೈವತ್ತು ಟನ್ ಕಲ್ಲು ಇಟ್ಟಂಗ ಆತು ಲೆಕ್ಕ. ಅಂವ ಕುಂತಿದ್ದಕ್ಕಽ ತೊಟ್ಟಿಯೊಳಗಿನ ತೆರಿಗಳನ್ನ ಅದು ತಡಕೊಂಡಿತ್ತು, ನಾವೂ ಪಾಸ್ ಅಂತ ಕೊಟ್ವಿ. ಇವತ್ತು ಅಂವನ್ನ ತಗದು ಮತ್ತ ತೆರಿ ಬಿಟ್ವಿ...

...

ಮುಂದಿಂದ ಬಿಟ್ರ ಏನೂ ಆಗಲಿಲ್ಲ. ಮಗ್ಗಲದಿಂದ ಬಿಟ್ವಿ, ಬೋರಲು ಬಿತ್ತು. ಸಪ್ಪಳ ಸುದ್ದಾ ಆಗಲಿಲ್ಲ ಮಾಂತು. ನಿದ್ದಿಯೊಳಗ ಮಗ್ಗಲಾದಂಗ.

...

ಅಳಬ್ಯಾಡ. ಕೇಳಿಲ್ಲೆ. ನಿಮ್ಮ ಆಫೀಸಿಗೆ ಸ್ನೇಹಲ್ ಫೋನ್ ಹಚ್ಯಾಳ. ಈಗ ತೆರಿ ಯಾ ಕಡೆಯಿಂದ ಬರಾಕತ್ತಾವ?... ಮುಂದಿಂದಽ? ಛಲೋ ಆತು. ಬಸವಣ್ಣನ ದಯಾ. ಕ್ಯಾಪ್ಟನ್ ಸಾಹೇಬ್ರಿಗೆ ಹೇಳು, ಹಿಂಗಽ ತೆರಿಗಳಿಗೆ ಮಾರಿ ಕೊಟ್ಟು ಮೆಲ್ಲಕ ನಡೀರಿ ಅಂತ...

ಮಾಂತು?... ಯಾರಿಗೆ ಒದರಾಕತ್ತಿ?... ಏನಂದಿ ಅವರಿಗೆ?

...

ಬಂದರಕ್ಕ ಹೊಳ್ಳಿಸು ಅಂತ ನಾ ಯಾವಾಗ ಹೇಳಿದ್ನೋ?

...

ಬಂದರ ಹತ್ರ ಇದ್ರೇನಾತು ತಮ್ಮಾ, ಹೊಳ್ಳೂವಾಗ ಮಗ್ಗಲು ಕೊಟ್ಟಂಗ ಆಗತದ... ತಡೀರಿ ಅನ್ನು... ಫೋನ್ ಅವರ ಕೈಯಾಗ ಕೊಡು... ಕೇಳಸವಲ್ದೇನು ಅವರಿಗೆ?... ಹೋಗು, ಓಡು, ಕೈ ಹಿಡದು ನಿಲ್ಲಸು...

ಮಾಂತು... ತೆರಿ ಈಗ ಯಾ ಕಡೆ ಅದಾವ?

...

ಎಡಮಗ್ಗಲಕ್ಕ...

ಹಲೋ... ಮಾಂತು... ಹಲೋ...