ಸಂಸತ್ತಿಗೆ ಹೂಂಗುಟ್ಟಿದವನು

ಒಂದು ದೇಶವಿತ್ತು. ತೀರಾ ದೊಡ್ಡದಲ್ಲ, ತೀರಾ ಚಿಕ್ಕದೂ ಅಲ್ಲ. ಆ ದೇಶಕ್ಕೊಂದು ಸಂಸತ್ತಿತ್ತು. ಅದನ್ನು ಕಟ್ಟಿದ ಹಿರಿಯರು ಒಂದು ವಿಚಿತ್ರ ಕಟ್ಟಳೆ ಮಾಡಿಟ್ಟಿದ್ದರು. ಅಜ್ಜಿ ಕಥೆ ಹೇಳುವಾಗ ಮಕ್ಕಳು ಹೂಂಗುಟ್ಟಬೇಕಲ್ಲವೇ? ಹೂಂ ನಿಂತರೆ ಕಥೆಯೂ ನಿಲ್ಲುತ್ತದಲ್ಲವೇ? ಸಂಸತ್ತಿಗೂ ಹಾಗೆಯೇ. ಮೇಲಿನ ಗ್ಯಾಲರಿಯಲ್ಲಿ ಜನ ಕೂತಿರಬೇಕು. ಕೆಳಗೆ ಮಸೂದೆ ಓದಿದಾಗ ಮೇಲಿನಿಂದ ಒಬ್ಬರಾದರೂ ಹೂಂ ಎನ್ನಬೇಕು.

ಹೂಂ ಎಂದರೆ ಒಪ್ಪಿದೆ ಎಂದಲ್ಲ, ನೋಡಿ. ಕೇಳಿಸಿತು, ತಿಳಿಯಿತು, ಅಷ್ಟೇ. ತಿಳಿಯದಿದ್ದರೆ ಸುಮ್ಮನಿರುವುದು. ಮೇಲಿನವರು ಸುಮ್ಮನಿದ್ದರೆ ಕೆಳಗಿನವರು ಅದೇ ಮಾತನ್ನು ಬಿಡಿಸಿ ಬಿಡಿಸಿ, ತಿಳಿಯುವ ತನಕ ಹೇಳಬೇಕು. ಎಷ್ಟು ದೊಡ್ಡ ಮಂತ್ರಿಯಾದರೂ ಸರಿ, ಹೇಳಲೇಬೇಕು. ಹೂಂ ಬೀಳದೆ ಯಾವ ಮಾತೂ ಕಾನೂನಾಗುವಂತಿಲ್ಲ.

ಮೊದಮೊದಲು ಜನ ಜಾತ್ರೆಯಂತೆ ಹೋದರು. ಆಮೇಲೆ ಕೇರಿಗೊಂದು ಪಾಳಿ ಮಾಡಿಕೊಂಡರು. ಆಮೇಲೆ ಪಾಳಿಯೂ ತಪ್ಪತೊಡಗಿತು. ಒಬ್ಬರಿಗೆ ಅಂಗಡಿ, ಒಬ್ಬರಿಗೆ ಬಾಣಂತನ, ಒಬ್ಬರಿಗೆ ಜ್ವರ. ಸುಳ್ಳು ಹೇಳುತ್ತಿದ್ದರೇ? ಇಲ್ಲ, ಎಲ್ಲವೂ ನಿಜವಾದ ಕಾರಣಗಳೇ. ಕೊನೆಗೆ ಎಣ್ಣೆ ಅಂಗಡಿಯವನೊಬ್ಬ ಉಪಾಯ ಹೇಳಿದ. ನಮ್ಮ ಕೇರಿಯ ಮುದಿ ಕುಂಬಾರ ಇದ್ದಾನಲ್ಲ, ಮೊಣಕಾಲು ಹಿಡಿದು ಚಕ್ರ ಬಿಟ್ಟವನು, ಅವನನ್ನೇ ಕೂರಿಸೋಣ. ಮನೆಗೊಂದು ದಿನದಂತೆ ಬುತ್ತಿ ಕಳಿಸೋಣ. ಎಲ್ಲರಿಗೂ ಹಗುರವಾಯಿತು.

ಕುಂಬಾರನಿಗೂ ಸಂತೋಷವೇ. ಮೂಲೆಯಲ್ಲಿ ಕೂತು ಮಗಳ ಅನ್ನ ತಿನ್ನುತ್ತಿದ್ದೇನೆ ಎಂಬ ಕೊರಗಿದ್ದವನಿಗೆ ಇದ್ದಕ್ಕಿದ್ದಂತೆ ಒಂದು ಕುರ್ಚಿ ಸಿಕ್ಕಿತು. ಒಗೆದ ಪಂಚೆ ಉಟ್ಟು ಹೋಗುತ್ತಿದ್ದ. ಕಾವಲಿನವರು ನಮಸ್ಕಾರ ಮಾಡುತ್ತಿದ್ದರು. ಆದರೆ ಕೆಳಗೆ ಆಡುವ ಮಾತು ಅರ್ಧಕ್ಕರ್ಧ ಅವನಿಗೆ ಹತ್ತುತ್ತಿರಲಿಲ್ಲ. ಮೊದಲು ಕೆಲವು ದಿನ ಸುಮ್ಮನಿದ್ದು ನೋಡಿದ. ಮಾತಾಡುತ್ತಿದ್ದವರು ನಿಲ್ಲಿಸಿ, ತಲೆಯೆತ್ತಿ, ಎಲ್ಲರೂ ಒಟ್ಟಿಗೆ ಅವನನ್ನೇ ನೋಡುತ್ತಿದ್ದರು. ಯಾರೋ ಒಬ್ಬರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಯಾರೋ ನಗುತ್ತಿದ್ದರು. ಅಷ್ಟು ಜನ ಓದಿಕೊಂಡವರ ಕಣ್ಣು ಮೈಮೇಲೆ ಬಿದ್ದರೆ ಹೇಗಿರುತ್ತದೆ, ನೀವೇ ಹೇಳಿ. ಅವನು ಹೂಂ ಅನ್ನುವುದನ್ನು ರೂಢಿ ಮಾಡಿಕೊಂಡ.

ಒಂದು ಮಧ್ಯಾಹ್ನ ಒಂದು ಮಸೂದೆ ಬಂತು. ‘ಅಲ್ಪಬಳಕೆಯ ಆರೋಗ್ಯ ಘಟಕಗಳ ಸುಸಂಘಟಿತ ವಿಲೀನೀಕರಣ.’ ಕುಂಬಾರನ ಕಿವಿಗೆ ದಕ್ಕಿದ್ದು ಆರೋಗ್ಯ ಎಂಬ ಮಾತೊಂದೇ. ಆರೋಗ್ಯ ಅಂದ ಮೇಲೆ ಒಳ್ಳೆಯದೇ ಇರಬೇಕು ಅಂದುಕೊಂಡ. ಹೂಂ ಅಂದ.

ಅದರ ಅರ್ಥ ಏನು ಗೊತ್ತೇ? ಊರೂರಿನ ಸಣ್ಣ ಆಸ್ಪತ್ರೆಗಳಿಗೆ ಬೀಗ. ಇನ್ನು ಮೇಲೆ ಎಲ್ಲದಕ್ಕೂ ದೂರದ ದೊಡ್ಡ ಆಸ್ಪತ್ರೆಗೇ ಹೋಗಬೇಕು.

ಕುಂಬಾರನ ಮಗಳು ತುಂಬು ಬಸುರಿ. ಕೆಲವು ದಿನಗಳ ಮೇಲೆ ಒಂದು ಬೆಳಗ್ಗೆ ನೋವು ಕಾಣಿಸಿಕೊಂಡಿತು. ಕೇರಿಯ ತುದಿಯ ಹೆರಿಗೆ ಆಸ್ಪತ್ರೆಗೆ ನಡೆಸಿಕೊಂಡು ಹೋದರೆ ಬಾಗಿಲಿಗೆ ಬೀಗ, ಬೀಗಕ್ಕೆ ಸರ್ಕಾರದ ಮೊಹರು. ಆಟೊ ಹುಡುಕಿ ದೊಡ್ಡ ಆಸ್ಪತ್ರೆಯ ದಾರಿ ಹಿಡಿದರು. ದಾರಿ ಮುಗಿಯಲಿಲ್ಲ. ಮಗಳು ಉಳಿದಳು. ಕೂಸು ಉಳಿಯಲಿಲ್ಲ.

ಕೇರಿ ಕೆರಳಿತು. ಯಾರು ಮಾಡಿದ ಕಾನೂನು ಇದು ಎಂದು ಕೇಳಲು ಹೊರಟವರಿಗೆ ಸಂಸತ್ತಿನ ಗುಮಾಸ್ತ ತುಂಬ ಮರ್ಯಾದೆಯಿಂದಲೇ ಹೇಳಿ ಕಳಿಸಿದ: ನಿಮ್ಮ ಕೇರಿಯವರೇ ಹೂಂ ಅಂದಿದ್ದಾರಲ್ಲ. ಅಷ್ಟೇ ಸಾಕಾಯಿತು. ಎಲ್ಲರ ಸಿಟ್ಟು ಕುಂಬಾರನ ಮೇಲೆ ತಿರುಗಿತು. ಎಲ್ಲರಿಗಿಂತ ಜೋರಾಗಿ ಬೈದವನು ಎಣ್ಣೆ ಅಂಗಡಿಯವನೇ. ನಮ್ಮ ಅನ್ನ ತಿಂದು ನಮ್ಮ ಮನೆಗೇ ಮಣ್ಣು ಹಾಕಿದೆ ಅಂದ.

ಮಗಳು ಮಾತ್ರ ಬೈಯಲಿಲ್ಲ. ಗೋಡೆಗೆ ಒರಗಿ ಕೂತಿದ್ದವಳು ಒಂದೇ ಮಾತು ಕೇಳಿದಳು.

“ಅಪ್ಪಾ, ಅವತ್ತು ಅವ್ರು ಓದಿದ್ದು ನಿಂಗೆ ತಿಳಿದಿತ್ತಾ?”

“ಇಲ್ಲ ಕಣವ್ವ.”

“ಮತ್ಯಾಕೆ ಹೂಂ ಅಂದೆ?”

“ಎಲ್ರೂ ನನ್ನೇ ನೋಡ್ತಿದ್ರು. ಇವನಿಗೊಬ್ಬನಿಗೇ ತಿಳೀಲಿಲ್ಲ ಅಂದ್ಕೊಂಡಾರು ಅಂತ ನಾಚಿಕೆ ಆಯ್ತು.”

ಕೇಳಿದಿರಾ? ಲಂಚಕ್ಕಲ್ಲ, ಭಯಕ್ಕಲ್ಲ. ನಾಚಿಕೆಗೆ.

ಸೂತಕ ಕಳೆದ ಮೇಲೆ ಕುಂಬಾರ ಮತ್ತೆ ಗ್ಯಾಲರಿಗೆ ಹೋಗಿ ಕೂತ. ಈ ಸಲ ಬಾಯಿ ಬಿಗಿದು ಕೂತ. ಮಸೂದೆ ಓದಿದರು, ಅವನು ಸುಮ್ಮನೆ. ಬಿಡಿಸಿ ಹೇಳಿದರು, ಸುಮ್ಮನೆ. ನೋಡುವವರೆಲ್ಲ ನೋಡಿದರು, ನಗುವವರೆಲ್ಲ ನಕ್ಕರು. ಅವನು ಕಣ್ಣು ತಗ್ಗಿಸಲಿಲ್ಲ. ತಿಳಿದದ್ದಕ್ಕೆ ಮಾತ್ರ ಹೂಂ, ತಿಳಿಯದ್ದಕ್ಕೆ ಇಲ್ಲ. ಒಂದೊಂದು ಕಾನೂನಿಗೂ ವಾರಗಟ್ಟಲೆ ಹಿಡಿಯಿತು. ಕೆಳಗಿನವರಿಗೆ ಬೆವರು ಕಿತ್ತುಬಂತು. ಕೊನೆಗೆ ಅವರೊಂದು ಮಸೂದೆ ತಂದರು: ಇನ್ನು ಜನ ಬಂದು ಹೂಂ ಎನ್ನುವ ತೊಂದರೆ ತೆಗೆದುಕೊಳ್ಳಬೇಕಿಲ್ಲ, ಅದರ ಬದಲು ನಾವೇ ಒಂದು ಗಂಟೆ ಬಾರಿಸುತ್ತೇವೆ.

ಇದು ಮಾತ್ರ ಕುಂಬಾರನಿಗೆ ಚೆನ್ನಾಗಿ ತಿಳಿಯಿತು. ತಿಳಿದೂ ಬಾಯಿ ಬಿಡಲಿಲ್ಲ. ಜೀವ ಹೋದರೂ ಹೂಂ ಅನ್ನುವುದಿಲ್ಲ ಎಂದು ಕೂತ.

ಆದರೆ ಕಟ್ಟಳೆಯಲ್ಲಿ ಇವನೇ ಅನ್ನಬೇಕು ಎಂದಿರಲಿಲ್ಲವಲ್ಲ. ಕಾವಲಿನವರು ಬೀದಿಗೆ ಹೋದರು. ಗಿರಾಕಿಗೆ ಎಣ್ಣೆ ಡಬ್ಬ ಮುಟ್ಟಿಸಿ ವಾಪಸು ಹೊರಟಿದ್ದ ಎಣ್ಣೆ ಅಂಗಡಿಯವನು ಸಿಕ್ಕಿದ. ಒಂದು ನಿಮಿಷದ ಕೆಲಸ ಬನ್ನಿ ಸ್ವಾಮಿ ಅಂತ ಮೇಲೆ ಹತ್ತಿಸಿದರು. ಮಸೂದೆ ಓದಿದರು. ಕುಂಬಾರ ಅವನ ಮುಂಗೈ ಹಿಡಿದುಕೊಂಡು ಬೇಡ ಬೇಡ ಎಂದು ತಲೆ ಆಡಿಸಿದ.

“ಬಿಡೋ ಮಾರಾಯ,” ಅಂದ ಅಂಗಡಿಯವನು, “ಅಂಗಡಿ ತೆರೆದಿಟ್ಟು ಬಂದಿದೀನಿ.” ಕೆಳಗೆ ಬಗ್ಗಿ ನೋಡಿ, “ಹೂಂ” ಅಂದ. ಮೆಟ್ಟಿಲು ಇಳಿದು ಹೋದ.

ಅಂದಿನಿಂದ ಅಲ್ಲಿ ಗಂಟೆಯೇ ಬಾರಿಸುವುದು. ಕೇರಿಯವರಿಗೆ ಬುತ್ತಿ ಕಟ್ಟುವ ಕೆಲಸ ತಪ್ಪಿತು. ಆಸ್ಪತ್ರೆಯ ಬೀಗ ಇಂದಿಗೂ ತೆಗೆದಿಲ್ಲ.

ಈಗ ಹೇಳಿ. ಆ ಎಣ್ಣೆ ಅಂಗಡಿಯವನು ಕೆಟ್ಟವನೇ? ನನಗೇನೂ ಹಾಗೆ ಕಾಣುವುದಿಲ್ಲ. ಇಲ್ಲಿ ನನ್ನ ಮುಂದೆ ಕೂತಿರುವ ನಿಮ್ಮ ಸಾಲುಗಳಲ್ಲೆಲ್ಲ ಅವನೇ ಕಾಣುತ್ತಾನೆ. ಬೆಳಗಾದರೆ ಮಕ್ಕಳ ಡಬ್ಬಿ ಕಟ್ಟಬೇಕು, ಬಸ್ಸು ಹಿಡಿಯಬೇಕು, ಸಂಜೆ ಬಂದು ಪಾತ್ರೆ ತೊಳೆಯಬೇಕು. ದಣಿದವರಿಗೆ ಹೂಂ ಅನ್ನುವಷ್ಟು ಸುಲಭ ಇನ್ನೊಂದಿಲ್ಲ. ದಣಿವು ಪಾಪವಲ್ಲ ತಾಯಂದಿರೇ, ಅಣ್ಣಂದಿರೇ. ಆದರೆ ದಣಿದವರ ಹೂಂಗಾಗಿ ಕಾದು ಕೂತವರಿದ್ದಾರೆ, ಅದನ್ನು ಮರೆಯಬೇಡಿ.

ಏನು ಮಾಡಬೇಕು? ನಿಮ್ಮ ಸಂಸದರು ಮದುವೆ ಮನೆಗೆ ಬಂದಾಗ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತೀರಲ್ಲ, ಆಗ ಕೇಳಿ: ಈ ಸಲ ಯಾವುದರ ಪರ ಮತ ಹಾಕಿದಿರಿ, ಯಾಕೆ? ಅವರು ಹೇಳಿದ್ದು ತಿಳಿಯದಿದ್ದರೆ ತಲೆ ಆಡಿಸಬೇಡಿ. ತಿಳಿಯಲಿಲ್ಲ ಸ್ವಾಮಿ, ಇನ್ನೊಮ್ಮೆ ಹೇಳಿ ಎನ್ನಿ. ನಾಲ್ಕು ಜನ ನಕ್ಕರೆ ನಗಲಿ. ಟಿ.ವಿ.ಯಲ್ಲಿ ಕಲಾಪ ಬಂದರೆ ಚಾನೆಲ್ ಬದಲಿಸುವ ಕೈಯನ್ನು ಒಂದು ಗಳಿಗೆ ತಡೆಯಿರಿ. ಗ್ರಾಮಸಭೆಗೆ ಪಕ್ಕದ ಮನೆಯವರು ಹೋಗುತ್ತಾರೆ ಬಿಡು ಅನ್ನಬೇಡಿ. ಪಕ್ಕದ ಮನೆಯವರೂ ಅದನ್ನೇ ಅನ್ನುತ್ತಿದ್ದಾರೆ.

ಮನೆಯಲ್ಲಿ ಮಗು ಏನೋ ಹೇಳುತ್ತಿರುತ್ತದೆ. ನಾವು ಈರುಳ್ಳಿ ಹೆಚ್ಚುತ್ತ, ಫೋನು ನೋಡುತ್ತ ಹೂಂ, ಹೂಂ ಅನ್ನುತ್ತೇವೆ. ಮಗುವಿಗೆ ಗೊತ್ತಾಗಿಬಿಡುತ್ತದೆ. ನಮ್ಮ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಮೊದಲಿಂದ ಹೇಳುತ್ತದೆ. ಸಂಸತ್ತು ಹಾಗೆ ನಿಮ್ಮ ಗಲ್ಲ ಹಿಡಿದು ತಿರುಗಿಸುವುದಿಲ್ಲ. ನೀವಾಗಿಯೇ ತಿರುಗಬೇಕು.