ಕೆಂಪು ಚುಕ್ಕೆಯ ತೋಟಾ

ನಗಬೇಡಿ ಮಾರಾಯ್ರೆ! ಎಂತಕ್ಕೆ ನಗುದು? ಕಡವೆ ಕಣ್ಣೆದುರಿಗೇ ನಿಂತಿತ್ತು, ಕೋವಿಯ ತೋಟಾ ಹಾರಲಿಲ್ಲ ಅಂತ ಹೇಳ್ತಾ ಇದ್ದೇನೆ, ನೀವು ಹಲ್ಲು ಬಿಡ್ತೀರಿ... ಕುಶಾಲು ಅಂದುಕೊಂಡ್ರಾ? ದೇವರಾಣೆ... ಇಲ್ಲ, ಆಣೆ ಬೇಡ. ಬೆಳಿಗ್ಗೆ ಬೆಳಿಗ್ಗೆ ಆಣೆ ಎಲ್ಲ ಹಾಕ್ಲಿಕ್ಕಾಗುದಿಲ್ಲ. ಹೀಗೇ ನಂಬಿ. ಮನೆ ಮನೆ ಬಾಗಿಲು ತಟ್ಟಿ ಇನ್ಶೂರೆನ್ಸ್ ಮಾರುವವನ ಬಾಯಿ ಅಂತ ನಿಮಗೆ ಸಂಶಯ, ಗೊತ್ತುಂಟು ನನಗೆ. ಆದ್ರೂ ನಂಬಿ.

ಕೂತುಕೊಳ್ಳಿ, ಮೊದಲಿಂದ ಹೇಳ್ತೇನೆ. ಆ ಸ್ಟೂಲ್ ಎಳ್ಕೊಳ್ಳಿ. ನಿಮ್ಮದೇ ಗ್ಯಾರೇಜಿನಲ್ಲಿ ನಿಮಗೆ ಕೂತುಕೊಳ್ಳಿ ಅಂತ ನಾನು ಹೇಳ್ಬೇಕು, ಹಾಗೆ ಉಂಟು ಕತೆ! ನಿನ್ನೆ ಬೆಳಗಾತ ನಾನು ಗಿಪ್ಸ್‌ಲ್ಯಾಂಡಿನ ಗುಡ್ಡದಲ್ಲಿ. ಹಲ್ಲು ಕಟಕಟ ಅನ್ನುವ ಚಳಿ. ಜರಿಗಿಡದ ಹಿಂದೆ ಬೆನ್ನು ಬಗ್ಗಿಸಿ ಕೂತಿದ್ದೇನೆ, ಕೈಯಲ್ಲಿ ನಮ್ಮ ಕೋವಿ. ಕೆಳಗೆ ತೋಡು, ಮೊಣಕಾಲಿನಷ್ಟು ನೀರು. ತೋಡಿನ ಆಚೆಯಿಂದ ಬಂತು ನೋಡಿ! ಇಷ್ಟುದ್ದ ಕೊಂಬು. ಇಲ್ಲ, ಇಷ್ಟು... ಯಾಕೆ ಹಾಗೆ ನೋಡುದು? ಸರಿ, ಚೂರು ಕಡಿಮೆ ಇರಬಹುದು, ಬಿಡಿ. ನಮ್ಮ ಕಡೆಯದೇ ಕಡವೆ ಮಾರಾಯ್ರೆ. ಯಾವ ಕಾಲದಲ್ಲೋ ಯಾರೋ ದೊರೆಗಳು ಹಡಗಿಗೆ ಹಾಕಿ ಈ ದೇಶಕ್ಕೆ ತಂದು ಬಿಟ್ಟದ್ದಂತೆ. ಅರ್ಜಿ ಇಲ್ಲ, ಇಂಟರ್‌ವ್ಯೂ ಇಲ್ಲ, ಸೀದಾ ಪಿಆರ್, ಖಾಯಂ ಇಲ್ಲೇ ವಾಸ! ಅದನ್ನು ನೋಡಿದ ಕೂಡಲೇ ತುಳುವಿನಲ್ಲಿ ಮಾತಾಡಿಸುವ ಅಂತ ಆಯ್ತು ನನಗೆ.

ಸೇಫ್ಟಿ ತೆಗೆದೆ. ಉಸಿರು ಹಿಡಿದೆ. ಭುಜದ ಹಿಂದೆ ಸರೀ ಜಾಗ ನೋಡಿ ಒತ್ತಿದೆ... ಟಿಕ್! ಅಷ್ಟೆ. ಢಂ ಇಲ್ಲ, ಗಿಂ ಇಲ್ಲ. ಮನೆಯಲ್ಲಿ ಸುಗುಣಾ ಒಲೆಗೆ ಲೈಟರ್ ಒತ್ತಿದ ಹಾಗೆ, ಟಿಕ್! ಆ ಶಬ್ದ ಕೇಳಿ ಕಡವೆ ತಲೆ ಎತ್ತಿತು, ನನ್ನನ್ನೇ ನೋಡಿತು, 'ಇಷ್ಟಕ್ಕಾ ದೂಮಪ್ಪ ಇಷ್ಟು ದೂರ ಬಂದದ್ದು?' ಅಂತ ಕೇಳಿದ ಹಾಗೆ. ಮತ್ತೆ ಬಾಲ ಎತ್ತಿ ಹೋಯ್ತು.

ಈಗ ಮುಖ ಯಾಕೆ ಸಣ್ಣ ಮಾಡಿದ್ರಿ? ಇಲ್ಲ ಇಲ್ಲ, ನಿಮ್ಮ ತಪ್ಪು ಅಂತ ನಾನು ಹೇಳ್ಲೇ ಇಲ್ಲ! ತೋಟಾ ತುಂಬಿದ್ದು ನೀವು, ಸರಿ. ಆದ್ರೆ ನಿಮ್ಮ ಕೈಗೆ ಹೆಸರಿಡುವವ ನಾನಲ್ಲ ತಿರುಮಲೇಶರೇ. ಮದ್ದಿನ ಒಂದೊಂದು ಕಾಳನ್ನು ಚಿಮಟದಲ್ಲಿ ಎತ್ತಿ ತಕ್ಕಡಿಗೆ ಹಾಕುವ ಜನ ನೀವು. ಈರುಳ್ಳಿ ಸಹ ತಿನ್ನದ ಮೈಸೂರಿನ ಅಯ್ಯಂಗಾರ್ರು, ಸೊಳ್ಳೆ ಹೊಡೆಯುವ ಮೊದಲು ಎರಡು ಸಲ ಯೋಚನೆ ಮಾಡುವವರು, ಈ ದೂಮಪ್ಪನ ಬೇಟೆಗೆ ತೋಟಾ ತುಂಬಿಸಿ ಕೊಡುದು! ಜಯಲಕ್ಷ್ಮಿ ಅಕ್ಕ ಕೇಳಿದ್ದಕ್ಕೆ ಎಂತ ಹೇಳಿದ್ದು ನೀವು? 'ಇದು ಬೇಟೆ ಅಲ್ಲ ಕಣೇ, ಇಂಜಿನಿಯರಿಂಗು.' ನಾನು ಬಾಗಿಲ ಹಿಂದೆ ನಿಂತು ಕೇಳಿದ್ದೇನೆ! ಪಾಪ ಎಲ್ಲ ನನಗೆ, ಇಂಜಿನಿಯರಿಂಗ್ ಎಲ್ಲ ನಿಮಗೆ. ಚಂದ ಉಂಟು ಪಾಲು.

ಆದ್ರೂ ಒಂದು ಹೇಳ್ತೇನೆ. ಆ ಕೋವಿ ಮಾಡುವ ಬೆಟ್ಟದ ಮುದುಕ ಕೋವಿ ಕೈಗೆ ಕೊಡುವಾಗಲೇ ಹೇಳಿದ್ದ, ಅಲ್ವಾ? ಇದಕ್ಕೆ ಅಂಗಡಿ ತೋಟಾ ಹಾಕಬೇಡಿ, ಇದರ ರುಚಿ ಇದಕ್ಕೇ ಗೊತ್ತು, ನೀವೇ ಹುಡುಕಿಕೊಳ್ಳಿ ಅಂತ. ದರ್ಜಿ ಕೋಟು ಹೊಲಿದ ಹಾಗೆ ನನ್ನ ಕೈ, ನನ್ನ ಭುಜ, ಎಲ್ಲ ಅಳತೆ ತೆಗೆದು ಮಾಡಿದ ಕೋವಿ. ಕೋವಿ ನನ್ನ ಅಳತೆಗೆ ಬಂತು, ತೋಟಾ ಅದರ ಅಳತೆಗೆ ಬರ್ಲಿಕ್ಕೆ ಎರಡು ವರ್ಷ! ತೊಂಬತ್ತರಲ್ಲಿ ಶುರು ಮಾಡಿದ್ದು, ಈಗ ತೊಂಬತ್ತೆರಡು. ಪ್ರತಿ ಶನಿವಾರ ಇಲ್ಲಿ. ನೀವು ತುಂಬಿಸುದು, ನಾನು ರೇಂಜಿಗೆ ಹೋಗಿ ಕಾಗದಕ್ಕೆ ಹೊಡೆಯುದು, ತೂತು ಬಿದ್ದ ಕಾಗದ ತಂದು ನಿಮ್ಮ ಮುಂದೆ ಹಿಡಿಯುದು. ನೀವು ಕನ್ನಡಕ ಏರಿಸಿ, 'ಹತ್ತಿರ ಬಂದಿದೆ ದೂಮಪ್ಪ, ಆದ್ರೆ ಸಾಲದು.' ಮತ್ತೆ ಮದ್ದು ಒಂಚೂರು ಹೆಚ್ಚು, ಒಂಚೂರು ಕಮ್ಮಿ. ಒಂದೊಂದು ತೂಕಕ್ಕೆ ಒಂದೊಂದು ಬಣ್ಣ. ತೋಟಾದ ಹಿಂದೆ, ಕಿಡಿ ಹುಟ್ಟಿಸುವ ಕೇಪಿನ ನಟ್ಟನಡುವೆ, ಕುಂಕುಮ ಇಟ್ಟ ಹಾಗೆ ನೈಲ್ ಪಾಲಿಶ್ ಚುಕ್ಕೆ! ನಿಮ್ಮ ಮಗಳು ಶರ್ವಾಣಿಯ ಬಾಟ್ಲಿ ಎಲ್ಲ ಖಾಲಿ. 'ಡ್ಯಾಡ್, ನಾಟ್ ದ ಪಿಂಕ್ ಒನ್!' ಅಂತ ಹುಡುಗಿ ಬೊಬ್ಬೆ ಹೊಡೆದದ್ದು ನೆನಪುಂಟಾ?

ಹಾಂ, ನಕ್ರಿ. ನಗಿ. ಹೊಡೆದ ತೋಟಾವನ್ನಾದ್ರೂ ಬಿಡ್ತೀರಾ ನೀವು? ಟ್ರಿಗರ್ ಒತ್ತಿದಾಗ ಕೋವಿಯ ಪಿನ್ನು ಹೊಡೆದ ಜಾಗದಲ್ಲಿ ಗುಳಿ ಬಿದ್ದಿರ್ತದೆ, ಚುಕ್ಕೆ ಒಡೆದಿರ್ತದೆ. ಅದನ್ನು ಸಹ ಭೂತಗನ್ನಡಿ ಹಿಡಿದು ನೋಡುದು! ಗುಳಿ ನೇರ ಉಂಟಾ, ಓರೆ ಉಂಟಾ... ಜಾತಕ ನೋಡುವವರೂ ಅಷ್ಟು ನೋಡುದಿಲ್ಲ.

ಕೊನೆಗೆ ಕೆಂಪು ಚುಕ್ಕೆ ಗೆದ್ದಿತು. ಫೆಬ್ರವರಿಯಲ್ಲಿ, ಆ ಸುಡು ಸೆಕೆಗೆ, ಮೂರು ಗುಂಡು ಒಂದೇ ತೂತು! ನಾನು ಇಲ್ಲೇ, ಈ ಜಾಗದಲ್ಲೇ ಹುಲಿವೇಷ ಕುಣಿದೆ. ನೀವೋ? 'ಇನ್ನೊಂದ್ಸಲ ನೋಡೋಣ' ಅಂದ್ರಿ. ಮಾರ್ಚಿನಲ್ಲಿ ಇನ್ನೊಂದು ಸಲ. ಈಸ್ಟರಿಗೆ ಮತ್ತೊಂದು ಸಲ. ಗಾಳಿ ಇರುವಾಗ ನೋಡೋಣ, ಗಾಳಿ ಇಲ್ಲದಾಗ ನೋಡೋಣ. ಎಂತ ಸಂಶಯಪ್ರಾಣಿ ಮಾರಾಯ್ರೆ ನೀವು!

ಅಷ್ಟರಲ್ಲಿ ಆ ಚಾಟ್ಸ್‌ವುಡ್ ಕಂಪೆನಿಯ ಫೋನು ಬಂತು. ಸಿಡ್ನಿ ಆಫೀಸಿಗೆ ಬನ್ನಿ, ದೊಡ್ಡ ಕುರ್ಚಿ ಉಂಟು, ಮನೆ ನಾವೇ ನೋಡ್ತೇವೆ ಅಂತ. ನನಗೆ ಎಂತ ಹೇಳಿದ್ದು ನೀವು? 'ಕೈಗೆತ್ತಿಕೊಂಡ ಕೆಲಸ ಅರ್ಧಕ್ಕೆ ಬಿಡೋನಲ್ಲ ನಾನು. ಕೆಂಪು ಚುಕ್ಕೆ ಒಂದು ಕಡವೆ ಬೀಳಿಸಲಿ, ಅವತ್ತಿಗೆ ನನ್ನ ಕೆಲಸ ಮುಗೀತು. ತೋಟಾ ತುಂಬೋ ಪ್ರೆಸ್ಸು, ತಕ್ಕಡಿ ಎಲ್ಲಾ ನಿಮಗೆ ಬಿಟ್ಟು ಹೊರಡ್ತೀನಿ.' ನಾಳೆ ಸೋಮವಾರ. ನಾಳೆ ಅವರಿಗೆ ಉತ್ತರ ಕೊಡ್ಲಿಕ್ಕುಂಟು, ಅಲ್ವಾ?

ನೋಡಿ, ಹೋಗಬೇಡಿ ಅಂತ ನಾನು ಹೇಳುದಿಲ್ಲ. ಹೇಳ್ತೇನಾ? ಸಿಡ್ನಿ ಒಳ್ಳೆ ಊರು. ರೆಂಟ್ ಸ್ವಲ್ಪ ಜಾಸ್ತಿ, ಅಷ್ಟೆ. ಮತ್ತೆ ಜಿರಳೆ ಇಷ್ಟುದ್ದ ಇರ್ತದಂತೆ, ಹಾರ್ತದಂತೆ, ಅದು ಬಿಟ್ರೆ ಒಳ್ಳೆ ಊರೇ. ಶರ್ವಾಣಿ ಸ್ಕೂಲು... ಈ ಸ್ಕೂಲಿಗಾಗಿಯೇ ಜನ ನಮ್ಮ ಈ ಗ್ಲೆನ್ ವೇವರ್ಲಿಗೆ ಬಂದು ಮಾರ್ಟ್‌ಗೇಜ್ ಹೊರುದು, ಹೋಗ್ಲಿ ಬಿಡಿ, ಸಿಡ್ನಿಯಲ್ಲಿ ಎಂತ ಸ್ಕೂಲಿಲ್ವಾ! ಹೋಗಿ, ಹೋಗಿ. ನಾನು ಬರೇ ತೋಟಾದ ವಿಷಯ ಹೇಳುದು. ಚಳಿಗೆ ಮದ್ದು ಮುನಿಸಿಕೊಂಡಿತಾ ಎಂತದಾ. ಕೇಪು ಬೇರೆ ಕಂಪೆನಿದು ಹಾಕಿ ನೋಡುವ. ಮದ್ದು ಸಹ ಬೇರೆ ತರುವ. ಒಂದರಿಂದ ಶುರು. ಎಷ್ಟಾದೀತು? ಒಂದು ವರ್ಷ? ಒಂದೂವರೆ? ಅವಸರ ಎಂತ? ಕಡವೆಗೇನು ವೀಸಾ ಮುಗಿತದಾ?

ಎಂತ ಕೇಳಿದ್ರಿ? ಹಾರದ ತೋಟಾ ಎಲ್ಲಿ?

ಅದಾ... ಅದು ಬಿಸಾಡಿದೆ. ತೋಡಿಗೆ. ಸಿಟ್ಟು ಬಂತು, ಬೀಸಿ ಒಗೆದೆ. ಪ್ಳಕ್ ಅಂತು. ಹುಡುಕ್ಲಿಕ್ಕೆ ಆಗುದಿಲ್ಲ ಮಾರಾಯ್ರೆ, ನೀರು ಸೊಂಟದವರೆಗೆ... ಮೊಣಕಾಲು ಅಂದೆನಾ ಆಗಲೇ? ಇಲ್ವಲ್ಲ. ಸೊಂಟವೇ.

ಎದ್ದದ್ದು ಎಂತಕ್ಕೆ? ತಕ್ಕಡಿ ಯಾಕೆ ಮುಟ್ಟುದು? ಸರಿ ಉಂಟು ತಕ್ಕಡಿ. ಅಯ್ಯೋ, ಡಬ್ಬಿ ಎಲ್ಲ ಯಾಕೆ ಕೆಳಗೆ ಇಳಿಸುದು? ಒಂದು ಹಾರಲಿಲ್ಲ ಅಂತ ಇಡೀ ಪೆಟ್ಟಿಗೆ ಬಿಚ್ಚಿ ನೋಡ್ತೀರಾ? ಬೇಡ ಮಾರಾಯ್ರೆ... ಒಂದೊಂದನ್ನೂ ಮತ್ತೆ ತೂಗ್ಲಿಕ್ಕೆ ಕೂತ್ರಾ? ತಿರುಮಲೇಶರೇ... ಇಷ್ಟು ಮನಸ್ಸಿಗೆ ಹಚ್ಚಿಕೊಳ್ತೀರಿ ಅಂತ ಗೊತ್ತಿದ್ರೆ ನಾನು... ಎಂತ ಇಲ್ಲ. ಸುಮ್ಮನೆ ಹೇಳಿದೆ. ನಿಮ್ಮ ಕೆಲಸದಲ್ಲಿ ಐಬು ಇಲ್ಲ. ಚಳಿ, ಚಳಿಯದ್ದೇ ತಪ್ಪು!

ಬನ್ನಿ, ಅದನ್ನೆಲ್ಲ ಬದಿಗಿಡಿ. ಸುಗುಣಾ ಪತ್ರೊಡೆ ಕಳಿಸಿದ್ದಾಳೆ, ನಿಮಗೆ ಅಂತಲೇ ಬೆಳ್ಳುಳ್ಳಿ ಹಾಕದೆ ಮಾಡಿದ್ದು. ಬಿಸಿ ಇರುವಾಗಲೇ ತಿನ್ನುವ. ಅಬ್ಬ, ಫ್ರಿಜ್ಜಿನ ಹಾಗೆ ಉಂಟು ಈ ಗ್ಯಾರೇಜು. ನನ್ನ ಕೋಟು ಚೂರು ಕೊಡಿ, ಅಲ್ಲೇ ನಿಮ್ಮ ಹಿಂದೆ, ಮೊಳೆಗೆ ಹಾಕಿದ್ದೇನೆ... ಅಲ್ಲ, ಬೇಡ! ಬಿಡಿ, ನಾನೇ ತಗೊಳ್ತೇನೆ. ತಲೆಕೆಳಗೆ ಹಿಡೀಬೇಡಿ, ಬಿಡಿ ಅಂದೆ...

...

ಅದಾ? ಅದು ಎಂತದೋ ಬಿದ್ದದ್ದು. ಸುಗುಣಾಳ ಲಿಪ್‌ಸ್ಟಿಕ್ಕು ಇರಬೇಕು. ನೀವು ಬಗ್ಗಬೇಡಿ, ನಿಮ್ಮ ಸೊಂಟ ಮೊದಲೇ ಸರಿ ಇಲ್ಲ... ನಾನು ಹೆಕ್ಕುತ್ತೇನೆ...

ಹೆಕ್ಕಿದ್ರಲ್ಲ.

ಹಾಂ, ಹಿತ್ತಾಳೆ. ಲಿಪ್‌ಸ್ಟಿಕ್ ಅಲ್ಲ, ಹೌದು. ಹಳೇದು ಅದು, ಯಾವಾಗಿನದ್ದೋ... ಕೆಂಪಾ? ಕೆಂಪೇ. ಆಯ್ತು, ನಿನ್ನೆಯದ್ದೇ. ತೋಡಿಗೆ ಬಿಸಾಡಿದ್ದು ಬೇರೆ ಎಂತದೋ ಇರಬೇಕು, ಕತ್ತಲಲ್ಲಿ ಗೊತ್ತಾಗಲಿಲ್ಲ... ಬೆಳಗಾತ ಅಂದದ್ದಾ ನಾನು? ಬೆಳಗಾತವೇ. ಆದ್ರೂ ಮಬ್ಬು ಇತ್ತು. ಭೂತಗನ್ನಡಿ ಬೇಡ ಮಾರಾಯ್ರೆ. ಭೂತಗನ್ನಡಿ ಎಂತಕ್ಕೆ ಈಗ? ಪತ್ರೊಡೆ ತಣ್ಣಗಾಗ್ತದೆ...

ಗುಳಿ ಮೆಲ್ಲ ಬಿದ್ದಿರ್ಬಹುದು. ಚೂರು ಗೀರಾದ್ರೂ ಇರ್ಬಹುದು, ಸರೀ ನೋಡಿ. ಇಲ್ವಾ? ಬೆಳಕಿಗೆ ಹಿಡಿದು ನೋಡಿ. ಚೂರೂ ಇಲ್ವಾ? ನೀವು ಇಟ್ಟ ಹಾಗೇ ಉಂಟಾ ಚುಕ್ಕೆ...

ಆ ಭೂತಗನ್ನಡಿ ಕೆಳಗಿಡಿ ತಿರುಮಲೇಶರೇ.

ಬೈಯಿರಿ. ನಿಮಗೆ ಬೈಯ್ಲಿಕ್ಕೆ ಬರುದಿಲ್ಲ ಅಂತ ಗೊತ್ತುಂಟು, ಆದ್ರೂ ಪ್ರಯತ್ನ ಮಾಡಿ. ಹೀಗೆ ನೋಡಿದ್ರೆ ನಾನು ಎಲ್ಲಿಗೆ ಹೋಗುದು? ಇಷ್ಟು ಹೊತ್ತು ಅಷ್ಟು ಚಂದ ಸುಳ್ಳು ಹೇಳಿದ್ದೇನೆ, ಎಲ್ಲ ಲಗಾಡಿ ಹೋಯ್ತು.

ಒತ್ತಲಿಲ್ಲ ಮಾರಾಯ್ರೆ. ಟ್ರಿಗರ್ ಒತ್ತಲೇ ಇಲ್ಲ. ಟಿಕ್ ಅಲ್ಲ, ಗಿಕ್ ಅಲ್ಲ. ಕಡವೆ ಬಂದದ್ದು ನಿಜ, ನಿಂತದ್ದು ನಿಜ. ಎಷ್ಟು ಹತ್ತಿರ ಅಂದ್ರೆ, ಕಣ್ಣು ಮುಚ್ಚಿ ಹೊಡೆದಿದ್ರೂ ಬೀಳ್ತಿತ್ತು. ಕರುಣೆ ಗಿರುಣೆ ಅಂತ ತಿಳ್ಕೊಳ್ಬೇಡಿ, ಅದರ ಮಾಂಸಕ್ಕೆ ಸುಗುಣಾ ಮಸಾಲೆ ಸಹ ಅರೆದಿಟ್ಟಿದ್ದಳು! ಬೆರಳು ಟ್ರಿಗರ್ ಮೇಲೆ ಇಟ್ಟೆ. ಆಗ ಎಣಿಸಿದೆ, ಇದು ಬಿದ್ರೆ ನಿಮ್ಮ ಕೆಲಸ ಮುಗೀತು. ನೀವು ಮಾತಿಗೆ ತಪ್ಪುವವರಲ್ಲ. ಪ್ರೆಸ್ಸು, ತಕ್ಕಡಿ ನನ್ನ ಕೈಗೆ ಕೊಟ್ಟು ಹೊರಡ್ತೀರಿ. ಆ ತಕ್ಕಡಿ ತಗೊಂಡು ನಾನು ಎಂತ ಮಾಡುದು? ಮೆಣಸು ತೂಗುದಾ?

ಕೆಮ್ಮಿದೆ. ಹೌದು, ಬೇಕೂಂತಲೇ ಕೆಮ್ಮಿದೆ. ಕಡವೆ ಹೋಗಲಿಲ್ಲ ಮಾರಾಯ್ರೆ, ಅಷ್ಟು ದಡ್ಡ ಕಡವೆ! ಮತ್ತೊಮ್ಮೆ ಕೆಮ್ಮಿ, 'ಹೋಗಾ!' ಅಂತ ಹೇಳ್ಬೇಕಾಯ್ತು.

ನಿಮಗೆ ಅದು ಇಂಜಿನಿಯರಿಂಗ್. ನನಗೆ ಹಾಗಲ್ಲ. ವಾರ ಇಡೀ ಈ ಊರಿನ ಜನ ನನ್ನನ್ನು ನೋಡಿದ ಕೂಡಲೇ ಬಾಗಿಲು ಹಾಕುದು, ಇನ್ಶೂರೆನ್ಸಿನವ ಬಂದ ಅಂತ. ಶನಿವಾರ ಬಂದ್ರೆ ಈ ಗ್ಯಾರೇಜಿನ ಬಾಗಿಲು ನಾನು ಬರುವ ಮೊದಲೇ ತೆಗೆದಿರ್ತದೆ. ನನಗೆ ಅಷ್ಟು ಸಾಕು. ನೀವು ಸಿಡ್ನಿಗೆ ಹೋದ್ರೆ ನನಗೆ ತುಂಬ ಬೇಜಾರಾಗ್ತದೆ ತಿರುಮಲೇಶರೇ. ಇದನ್ನು ಹೇಳ್ಲಿಕ್ಕೆ ಬಾಯಿ ಬರಲಿಲ್ಲ, ಅದಕ್ಕೆ ನಿಮ್ಮ ತೋಟಾದ ಮೇಲೆ ಹಾಕಿದೆ. ತಪ್ಪು. ನಿಮ್ಮ ಮುಖ ಸಣ್ಣ ಆದಾಗಲೇ ನಿಲ್ಲಿಸಬೇಕಿತ್ತು.

ಎರಡು ವರ್ಷ ನಾನೊಬ್ಬನೇ ಮಾತಾಡಿದ್ದು ಇಲ್ಲಿ. ನಿಮ್ಮ ಬಾಯಿಂದ ಬಂದದ್ದು ಅಂದ್ರೆ 'ಸಾಲದು', ಮತ್ತೆ 'ಇನ್ನೊಂದ್ಸಲ ನೋಡೋಣ'...

ಒಂದು ನಿಮಿಷ.

ಫೆಬ್ರವರಿಯಲ್ಲೇ ಮೂರು ಗುಂಡು ಒಂದೇ ತೂತು ಆಗಿತ್ತಲ್ಲ? ಅದಕ್ಕಿಂತ ಒಳ್ಳೇದು ಇನ್ನೆಂತ ಆಗ್ಲಿಕ್ಕುಂಟು? ಮಾರ್ಚಿನಲ್ಲಿ ಇನ್ನೊಂದ್ಸಲ, ಈಸ್ಟರಿಗೆ ಇನ್ನೊಂದ್ಸಲ... ಗಾಳಿ ಇರುವಾಗ, ಗಾಳಿ ಇಲ್ಲದಾಗ... ನಾನಾದ್ರೆ ಒಂದು ಸಲ ಕೆಮ್ಮಿದ್ದು ಮಾರಾಯ್ರೆ. ಸರಿ, ಎರಡು ಸಲ. ನೀವು ಫೆಬ್ರವರಿಯಿಂದ ಎಂತ ಮಾಡ್ತಾ ಇದ್ದದ್ದು?

ಆಚೆ ನೋಡಬೇಡಿ. ನನ್ನನ್ನು ನೋಡಿ ಹೇಳಿ.

ಅಯ್ಯೋ, ಅದನ್ನು ಯಾಕೆ ಅಂಗಿಯ ಕಿಸೆಗೆ ಹಾಕಿದ್ರಿ? ಕೊಡಿ ಇತ್ಲಾಗಿ. ಹಾರುವ ತೋಟಾ ಅದು! ಕಿಸೆಯಲ್ಲಿ ಇಟ್ಟುಕೊಂಡು ಹೋದ್ರೆ ಸಿಡ್ನಿ ಪ್ಲೇನ್ ಹತ್ತಲಿಕ್ಕೇ ಬಿಡ್ಲಿಕ್ಕಿಲ್ಲ ನಿಮ್ಮನ್ನು...

ಎಂತಕ್ಕೆ ನಗುದು?

ತಿರುಮಲೇಶರೇ, ಎಂತಕ್ಕೆ ನಗುದು ಅಂತ ಕೇಳಿದೆ.