ಸ್ವತಃ ಪಡೆಯುವವರ ಕೈಗೆ ಮಾತ್ರ

ಹೇಳಿಕೆ ನೀಡುವವರ ಹೆಸರು ಮತ್ತು ಗುರುತಿನ ಚೀಟಿಯ ಸಂಖ್ಯೆ ಮೇಲಿನ ಅಂಕಣದಲ್ಲಿ ಇದ್ದಂತೆ. ವಯಸ್ಸು 47 ವರ್ಷ. ಕೆಲಸ: ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿ ಹಿರಿಯ ಕೆಲಸಗಾರ್ತಿ. ವಾಸ: ಸಹಕಾರಿ ವಸತಿ ಕಟ್ಟಡ, ಎರಡನೆಯ ಮಹಡಿ, ಮನೆ ಸಂಖ್ಯೆ 9.

ನನ್ನನ್ನು ಯಾರೂ ಕರೆಸಿಲ್ಲ. ನಾನಾಗಿಯೇ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ, ಇವತ್ತು ಮಧ್ಯಾಹ್ನ ನಮ್ಮ ಮನೆಯ ಬಾಲ್ಕನಿಯಿಂದ ಬಿದ್ದು ತೀರಿಕೊಂಡವರು ನನ್ನ ತಂದೆ, ವಯಸ್ಸು 79. ಅವರನ್ನು ಎಳೆದು ಬೀಳಿಸಿದನೆಂದು ಜನ ಹಿಡಿದು ಹೊಡೆದು ಇಲ್ಲಿಗೆ ಒಪ್ಪಿಸಿರುವ ಕೊರಿಯರಿನವರದು ಯಾವ ತಪ್ಪೂ ಇಲ್ಲ. ಅದು ಹೇಗೆಂದು ಬೆಳಿಗ್ಗೆಯಿಂದ ಕ್ರಮವಾಗಿ ಹೇಳುತ್ತೇನೆ.

ಅಪ್ಪ ಮೂವತ್ತೊಂದು ವರ್ಷ ಟಪಾಲು ಹಂಚಿದವರು. ಎರಡು ವರ್ಷದಿಂದ ಅವರಿಗೆ ಮರೆವು. ಎರಡು ಸಲ ಮನೆಬಿಟ್ಟು ಹೋಗಿ, ತಾವು ಟಪಾಲು ಹಂಚುತ್ತಿದ್ದ ಹಳೆಯ ಬೀದಿಗಳಲ್ಲಿ ಸಿಕ್ಕಿದ್ದರು. ಎರಡನೆಯ ಸಲ ಗೇಟುಗಳಿಗೆ ಸಿಕ್ಕಿಸಿದ್ದ ನೀರಿನ ಬಿಲ್ಲುಗಳನ್ನೆಲ್ಲ ಕೂಡಿಸಿಕೊಂಡು ಮನೆಮನೆಗೆ ಹಂಚುತ್ತಿದ್ದರು. ಒಂದೂ ತಪ್ಪು ಮನೆಗೆ ಹೋಗಿರಲಿಲ್ಲ ಎಂದು ಆ ಬೀದಿಯವರೇ ಹೇಳಿದರು. ಅಂದಿನಿಂದ ನಾನು ಕೆಲಸಕ್ಕೆ ಹೊರಡುವಾಗ ಹೊರಗಿನಿಂದ ಬೀಗ ಹಾಕುತ್ತೇನೆ. ಹೆತ್ತ ಅಪ್ಪನನ್ನು ಕೂಡಿ ಹಾಕುತ್ತಾಳೆ ಎಂದು ಕಟ್ಟಡದಲ್ಲಿ ಆಡಿಕೊಳ್ಳುವುದು ನನ್ನ ಕಿವಿಗೂ ಬಿದ್ದಿದೆ. ಆಡಿಕೊಳ್ಳುವವರಲ್ಲಿ ಒಬ್ಬರಾದರೂ ಒಂದು ದಿನ ನೋಡಿಕೊಳ್ಳುತ್ತೇನೆಂದು ಬರಲಿಲ್ಲ. ಬಂದವರು ಪಕ್ಕದ ಮನೆಯ ಚಿಕ್ಕಮ್ಮ ಮಾತ್ರ. ಅವರು ನಮ್ಮ ರಕ್ತಸಂಬಂಧಿಯಲ್ಲ. ಎರಡನೆಯ ಕೀಲಿ ಅವರ ಬಳಿ ಇರುತ್ತದೆ. ಒಂದು ಗಂಟೆಗೆ ಬೀಗ ತೆಗೆದು ಅಪ್ಪನಿಗೆ ಊಟ, ಮಾತ್ರೆ ಕೊಡುತ್ತಾರೆ.

ನಿನ್ನೆ ಸಂಜೆ ನನ್ನ ಕೀಲಿ ಕಾಣದೆ ಚಿಕ್ಕಮ್ಮನದನ್ನು ಇಸಿದುಕೊಂಡಿದ್ದೆ. ಇವತ್ತು ಬೆಳಿಗ್ಗೆ ನನ್ನದು ಚೀಲದ ತಳದಲ್ಲಿ ಸಿಕ್ಕಿತು. 7.50ಕ್ಕೆ ಬೀಗ ಹಾಕಿ, ಎರಡು ಕೀಲಿಯನ್ನೂ ಚೀಲದಲ್ಲೇ ಇಟ್ಟುಕೊಂಡು ಬಸ್ಸು ಹತ್ತಿದೆ. ಲ್ಯಾಬು ಮನೆಯಿಂದ 13 ಕಿಲೋಮೀಟರ್.

12.50ಕ್ಕೆ ಚಿಕ್ಕಮ್ಮ ಲ್ಯಾಬಿನ ಫೋನಿಗೆ ಕರೆ ಮಾಡಿ ಕೀಲಿ ಎಲ್ಲಿ ಎಂದು ಕೇಳಿದರು. ಅಪ್ಪ ಒಳಗಿನಿಂದ ಹಸಿವು ಎನ್ನುತ್ತಿದ್ದಾರೆ, ಸದ್ಯಕ್ಕೆ ಬಾಗಿಲ ಸಂದಿಯಿಂದ ನಾಲ್ಕು ಬಿಸ್ಕತ್ತು ತೂರಿಸಿದ್ದೇನೆ ಎಂದರು. ನಾನು ಹೋಗಿ ಬರಬಹುದಿತ್ತು. ಐದು ಗಂಟೆಗೆ ಕೊಡಬೇಕಾದ ಆರು ಮುಂಭಾಗದ ಹಲ್ಲು ನನ್ನ ಮೇಜಿನ ಮೇಲಿದ್ದವು. ಯಜಮಾನರು ರಜೆ ಇಲ್ಲ ಎನ್ನಲಿಲ್ಲ. ನಾನು ಕೇಳಲೇ ಇಲ್ಲ. 1.05ಕ್ಕೆ ಹೇಗೂ ಕೊರಿಯರಿನವರು ಬರುತ್ತಾರಲ್ಲ ಎಂದುಕೊಂಡೆ.

ಅಂದೇ ತಲುಪಿಸುವ ಕೊರಿಯರಿನ ಮೇಲೆ ನನಗೆ ಬಲವಾದ ನಂಬಿಕೆ. ನಮ್ಮ ಲ್ಯಾಬು ನಡೆಯುವುದೇ ಅದರಿಂದ. ಬೆಳಿಗ್ಗೆ ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಾರೆ, ಸಂಜೆ ನಾವು ಹಲ್ಲು ಕಳಿಸುತ್ತೇವೆ. ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆಗೆ ನಾವೇ ಕೊನೆ ಹಾಡಿದವರು ಎಂದು ಯಜಮಾನರು ಗಿರಾಕಿಗಳ ಮುಂದೆ ಹೇಳಿ ನಗುವುದುಂಟು. ಕಳೆದ ವರ್ಷ ಅಪ್ಪನಿಗೆ ಉಸಿರು ಕಟ್ಟಿದಾಗ, ಹತ್ತಿರದ ಯಾವ ಅಂಗಡಿಯಲ್ಲೂ ಸಿಗದ ಔಷಧಿ ಊರಿನ ಆಚೆ ತುದಿಯಿಂದ ಒಂದೂವರೆ ಗಂಟೆಯಲ್ಲಿ ಬಂದಿತ್ತು. ಆಮೇಲಿನ ಒಂದು ವರ್ಷ ಅಪ್ಪ ಬದುಕಿದ್ದು ಅದರಿಂದಲೇ. ಇದನ್ನೂ ಬರೆದುಕೊಳ್ಳಬೇಕೆಂದು ಕೋರುತ್ತೇನೆ.

ಒಂದು ಕೀಲಿಯನ್ನು ಹತ್ತಿಯಲ್ಲಿ ಸುತ್ತಿ, ಹಲ್ಲು ಕಳಿಸುವ ಪುಟ್ಟ ಡಬ್ಬಿಯಲ್ಲಿಟ್ಟು ಸುತ್ತ ಅಂಟುಪಟ್ಟಿ ಹಾಕಿದೆ. ವಿಳಾಸಕ್ಕೆ ಫೋನಿನಲ್ಲಿದ್ದ ಹಳೆಯದನ್ನೇ ಒತ್ತಿದೆ. ಅದು ಔಷಧಿ ತರಿಸಿದಾಗ ಹಾಕಿದ್ದು, ಅಪ್ಪನ ಹೆಸರಿನಲ್ಲಿತ್ತು. ಚಿಕ್ಕಮ್ಮನ ಹೆಸರು ಹಾಕಬೇಕಿತ್ತು. ಒಳಗಿರುವ ವಸ್ತು ಏನು ಎಂಬಲ್ಲಿ ಕಾಗದಪತ್ರ ಎಂದು ಬರೆದೆ. ಕಾಗದಪತ್ರವೆಂದರೆ ತಪಾಸಣೆಯಿಲ್ಲದೆ ಮೊದಲು ಹೋಗುತ್ತದೆಂದು ಲ್ಯಾಬಿನಲ್ಲಿ ನಾವೆಲ್ಲ ಹಾಗೆಯೇ ಬರೆಯುತ್ತೇವೆ, ಹನ್ನೊಂದು ವರ್ಷದಿಂದ. ಅದರ ಕೆಳಗೆ "ಸ್ವತಃ ಪಡೆಯುವವರ ಕೈಗೆ ಮಾತ್ರ" ಎಂಬುದಕ್ಕೂ ಗುರುತು ಹಾಕಿದೆ. ಹಲ್ಲನ್ನು ವೈದ್ಯರ ಕೈಗೇ ಕೊಡಬೇಕು, ಆದ್ದರಿಂದ ಆ ಗುರುತು ನನ್ನ ಬೆರಳಿಗೆ ಅಂಟಿದ ಅಭ್ಯಾಸ. ಹೀಗೆ, ಬೀಗದ ಒಳಗಿರುವ ಮನುಷ್ಯನ ಕೈಗೇ ಕೊಡಬೇಕೆಂದು ಹೇಳಿ ಆ ಬೀಗದ ಕೀಲಿಯನ್ನು ಕಳಿಸಿದೆ. ಬರೆಯುವಾಗ ಇದು ನನಗೆ ಹೊಳೆಯಲಿಲ್ಲ.

1.10ಕ್ಕೆ ಪಾರ್ಸೆಲ್ ಹೊರಟಿತು. ಎರಡೂವರೆಯೊಳಗೆ ಕೀಲಿ ಬರುತ್ತದೆಂದಷ್ಟೇ ಚಿಕ್ಕಮ್ಮನಿಗೆ ತಿಳಿಸಿ, ಪಾರ್ಸೆಲಿನಲ್ಲಿ ಎಂದು ಹೇಳದೆ, ಫೋನನ್ನು ಊಟದ ಡಬ್ಬದ ಚೀಲದಲ್ಲಿಟ್ಟು ಒಳಗೆ ಹೋದೆ. ಹಲ್ಲು ಉಜ್ಜುವ ಯಂತ್ರದ ಕೋಣೆಗೆ ಫೋನು ಒಯ್ಯುವಂತಿಲ್ಲ. 2.10ರವರೆಗೆ ಕಾದ ಚಿಕ್ಕಮ್ಮ, ಮೊಮ್ಮಗಳನ್ನು ಶಾಲೆಯಿಂದ ಕರೆತರಲು ಹೋದರು.

ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ. ಠಾಣೆಯಲ್ಲಿ ಕೊರಿಯರಿನವರು ಹೇಳಿದ್ದು, ಪಂಚನಾಮೆಯಲ್ಲಿ ಅಳೆದದ್ದು, ನನ್ನ ಫೋನಿನಲ್ಲಿರುವ ಸಮಯ, ಈ ಮೂರೂ ಒಂದಕ್ಕೊಂದು ತಾಳೆಯಾಗುತ್ತವೆ.

ಅವರು 2.24ಕ್ಕೆ ನಮ್ಮ ಬಾಗಿಲಿಗೆ ಬಂದರು. ಗಂಟೆ ಒತ್ತಿದರು. ಒಳಗಿನಿಂದ ಅಪ್ಪ ಯಾರು ಎಂದರು. ನಿಮ್ಮ ಹೆಸರಿಗೆ ಪಾರ್ಸೆಲ್ ಇದೆ ಎಂದು ಇವರು ಹೇಳಿದರು. ಅಪ್ಪ ಮೂರು ಸಲ ಒಂದೇ ಪ್ರಶ್ನೆ ಕೇಳಿದರಂತೆ. "ನನ್ನ ಹೆಸರಿಗೇನಾ? ಸರಿಯಾಗಿ ನೋಡು ತಮ್ಮಾ, ನನ್ನ ಹೆಸರಿಗೇನಾ?" ಊರಿಗೆಲ್ಲ ಕಾಗದ ಕೊಟ್ಟವರಿಗೆ ತಮ್ಮ ಹೆಸರಿಗೆ ಒಂದು ಬಂದಿದೆ ಎಂಬುದನ್ನು ನಂಬಲು ಅಷ್ಟು ಹೊತ್ತು ಬೇಕಾಯಿತು.

ಹೊರಗಿನಿಂದ ಬೀಗವಿದೆ, ಮಗಳು ಹಾಕಿ ಹೋಗಿದ್ದಾಳೆ ಎಂದು ಅಪ್ಪ ಹೇಳಿದರು. ಪಾರ್ಸೆಲ್ ಕೊಟ್ಟದ್ದಕ್ಕೆ ಗುರುತಾಗಿ ಕೊರಿಯರಿನವರು ನಾಲ್ಕಂಕಿಯ ಸಂಖ್ಯೆಯೊಂದನ್ನು ಪಡೆಯಬೇಕು. ಅದು ನನ್ನ ಫೋನಿಗೆ ಬಂದಿತ್ತು. ಅವರು 2.26, 2.29 ಮತ್ತು 2.33ಕ್ಕೆ ನನಗೆ ಕರೆ ಮಾಡಿದರು. ನಾನು ಎತ್ತಲಿಲ್ಲ. ಬೇರೆಯವರಾಗಿದ್ದರೆ ಬಾಗಿಲು ಹಾಕಿದೆ ಎಂದು ಬರೆದು ಹೊರಟುಹೋಗುತ್ತಿದ್ದರು. ಇವರೂ ಮೆಟ್ಟಿಲಿಳಿದು ಗಾಡಿಯ ಹತ್ತಿರ ಹೋದರು. ಆಗ ಅಪ್ಪ ಬಾಲ್ಕನಿಗೆ ಬಂದು ಕರೆದರು. "ಬಾಗಿಲಿಗೆ ಬಂದದ್ದನ್ನ ವಾಪಸ್ ಒಯ್ಯಬೇಡ ತಮ್ಮಾ. ನಾನೂ ಇದೇ ಕೆಲಸ ಮಾಡಿದವನು. ಒಂದು ನಿಮಿಷ ತಡಿ, ಚೀಲ ಬಿಡ್ತೀನಿ."

ಬಾಲ್ಕನಿಯಿಂದ ಹಗ್ಗದಲ್ಲಿ ಚೀಲ ಇಳಿಬಿಟ್ಟು ತರಕಾರಿ ಕೊಳ್ಳುವುದು ಅಪ್ಪನ ರೂಢಿಯಾಗಿತ್ತು. ಬಗ್ಗುತ್ತಾರೆಂದು ಹೆದರಿ ಆ ಹಗ್ಗವನ್ನು ಎಂಟು ತಿಂಗಳ ಹಿಂದೆ ನಾನೇ ಬಚ್ಚಿಟ್ಟಿದ್ದೆ. ಅಪ್ಪ ಎರಡು ಹೊದಿಕೆಗಳನ್ನು ಗಂಟು ಹಾಕಿ, ತುದಿಗೆ ತಮ್ಮ ಟಪಾಲು ಚೀಲ ಕಟ್ಟಿದ್ದರು. ಬಾಲ್ಕನಿ ನೆಲದಿಂದ 6.80 ಮೀಟರ್ ಎತ್ತರ. ಹೊದಿಕೆಗಳ ಉದ್ದ ಗಂಟು ಕಳೆದು 3.90. ಗಂಟು ಟಪಾಲಿನವರು ಕಟ್ಟುವ ಗಂಟು, ಬಿಚ್ಚಿರಲಿಲ್ಲ. ಅದು ಪಂಚನಾಮೆಯಲ್ಲೂ ಇದೆ.

ಸಂಖ್ಯೆ ಪಡೆಯದೆ ಪಾರ್ಸೆಲ್ ಬಿಟ್ಟುಕೊಟ್ಟರೆ ಅವರ ಕೆಲಸಕ್ಕೇ ಸಂಚಕಾರ. ಅದು ಗೊತ್ತಿದ್ದೂ, ಮುದುಕರ ಮುಖ ನೋಡಲಾರದೆ ಕೊಟ್ಟುಬಿಡೋಣ ಎಂದುಕೊಂಡರಂತೆ. ಕೈ ಎತ್ತಿದರೆ ಚೀಲ ಒಂದು ಗೇಣು ಮೇಲಿತ್ತು. ಅಪ್ಪ ಸ್ಟೂಲಿನ ಮೇಲೆ ಹತ್ತಿ ಬಗ್ಗಿದರು. ಇವರು ತುದಿಗಾಲಲ್ಲಿ ನಿಂತು ಪಾರ್ಸೆಲನ್ನು ಚೀಲದೊಳಗೆ ಹಾಕಿದರು. ಆ ಗಳಿಗೆಯಲ್ಲೇ ಅಪ್ಪ ಆಯ ತಪ್ಪಿ ಚೀಲದ ಸಮೇತ ಕೆಳಗೆ ಬಿದ್ದರು. ಸಮಯ 2.41.

ಎದುರಿನ ಸೈಕಲ್ ರಿಪೇರಿಯವರು 30 ಮೀಟರ್ ದೂರದಿಂದ ಕಂಡದ್ದು, ಎತ್ತಿದ ಕೈ ಮತ್ತು ಬೀಳುತ್ತಿರುವ ಮುದುಕರು, ಇಷ್ಟೇ. ಎಳೆದ ಎಂದು ಕೂಗಿದರು. ಅವರು ಸುಳ್ಳು ಹೇಳಿಲ್ಲ, ಅರ್ಧ ಕಂಡಿದ್ದಾರೆ. ಎಳೆಯುವವರು ಪಾರ್ಸೆಲನ್ನು ಚೀಲದೊಳಗೆ ಹಾಕುವುದಿಲ್ಲ. ಅದು ಚೀಲದಲ್ಲೇ ಸಿಕ್ಕಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಆ ಬರೆ ಈಗ ಕೊರಿಯರಿನವರ ಎಡಗಣ್ಣಿನ ಮೇಲಿದೆ.

2.58ಕ್ಕೆ ಆಂಬುಲೆನ್ಸ್ ಬಂದಿತು. ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಎಂದು ಅದರವರು ಕೇಳಿದರು. ಪಟ್ಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿತ್ತು. ಅಷ್ಟರಲ್ಲಿ ಮರಳಿದ್ದ ಚಿಕ್ಕಮ್ಮ ಸೈಕಲ್ ಅಂಗಡಿಯ ಸುತ್ತಿಗೆ ತರಿಸಿ ಬೀಗ ಒಡೆಸಿದರು. ಒಂಬತ್ತು ನಿಮಿಷ ಹಿಡಿಯಿತು. ಆ ಒಂಬತ್ತು ನಿಮಿಷವೂ ಕೀಲಿ ಕೆಳಗೆ, ಅಪ್ಪನ ಪಕ್ಕದ ಚೀಲದಲ್ಲಿ ಬಿದ್ದಿತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರೆ. ಇಲ್ಲಿ ಕಂಕುಳಲ್ಲಿ ಕೂಸು ಇದೆಯೆಂದು ಗೊತ್ತಿದ್ದವಳು ನಾನೊಬ್ಬಳೇ, ನಾನು 13 ಕಿಲೋಮೀಟರ್ ದೂರದಲ್ಲಿ ಹಲ್ಲಿಗೆ ಹೊಳಪು ಕೊಡುತ್ತಿದ್ದೆ.

3.05ಕ್ಕೆ ಲ್ಯಾಬಿಗೆ ಫೋನು ಬಂತು. 3.55ಕ್ಕೆ ಆಸ್ಪತ್ರೆ ಮುಟ್ಟಿದೆ. 3.32ಕ್ಕೆ ಪ್ರಾಣ ಹೋಯಿತು ಎಂದು ವೈದ್ಯರು ತಿಳಿಸಿದರು. ಅಪ್ಪನ ಕಟ್ಟುಹಲ್ಲನ್ನು ಕವರಿನಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ಅದು ನಾನೇ ಮಾಡಿದ್ದು. ಮೇಲಿನ ಸಾಲಿನಲ್ಲಿ ಒಂದು ಬಿರುಕಿದೆ. ರಿಪೇರಿಯಾಗುವಂಥದ್ದು.

6.15ಕ್ಕೆ ಇಲ್ಲಿಗೆ ಬಂದೆ. ಇಷ್ಟೆಲ್ಲ ಬರೆಸಿದರೆ ನಿಮ್ಮ ಮೇಲೇ ಬರುತ್ತದೆ, ಯೋಚನೆ ಮಾಡಿ ಎಂದು ಠಾಣೆಯ ಬರಹಗಾರರು ಎರಡು ಸಲ ಹೇಳಿದರು. ಬರಲಿ ಎಂದೆ. 7.20ಕ್ಕೆ ನನ್ನ ಮತ್ತು ಕೊರಿಯರಿನವರ ಎದುರು ಪಾರ್ಸೆಲ್ ಬಿಚ್ಚಿದರು. ಹತ್ತಿಯೊಳಗಿನ ಕೀಲಿ ನಮ್ಮ ಮನೆಯದೆಂದು ಗುರುತಿಸಿದೆ. ಕೊರಿಯರಿನವರು ಕೀಲಿ ನೋಡಿ ನನ್ನ ಕಡೆ ತಿರುಗಿದರು. ನಾನು ಬೈಗುಳಕ್ಕೆ ಸಿದ್ಧವಾಗಿದ್ದೆ. "ಅಕ್ಕಾ, ಕೀಲಿ ಅಂತ ಒಂದು ಮಾತು ಬರೆದಿದ್ರೆ ನಾನೇ ಬಾಗಿಲು ತೆಗೆದು ಅವರ ಕೈಗೆ ಕೊಡ್ತಿದ್ದೆನಲ್ಲಾ" ಎಂದರು. ಈ ಮಾತನ್ನೂ ಬರೆದುಕೊಳ್ಳಿ ಎಂದು ಬರಹಗಾರರಿಗೆ ಹೇಳಿದೆ.

ಮೇಜಿನ ಮೇಲಿದ್ದ ಅವರ ಫೋನು ಪಾರ್ಸೆಲ್ ಬಾಕಿ ಇದೆ ಎಂದು ಹತ್ತು ಹತ್ತು ನಿಮಿಷಕ್ಕೆ ಗುಂಯ್‌ಗುಡುತ್ತಿತ್ತು. ಬಾಕಿ ಉಳಿದರೆ ನಾಳೆ ಕೆಲಸ ಕೊಡುವುದಿಲ್ಲವಂತೆ. ಬರಹಗಾರರ ಒಪ್ಪಿಗೆ ಪಡೆದು 7.40ಕ್ಕೆ ಆ ನಾಲ್ಕಂಕಿಯ ಸಂಖ್ಯೆಯನ್ನು ಹೇಳಿದೆ. ಪಡೆದವರು ಯಾರು ಎಂದು ಅದು ಕೇಳಿತು. ಅಪ್ಪನ ಹೆಸರು ಮೊದಲೇ ಇತ್ತು. ಅಳಿಸಬೇಡಿ ಎಂದೆ, ಪಾರ್ಸೆಲನ್ನು ಪಡೆದದ್ದು ಅವರೇ.

ಮೇಲಿನದನ್ನು ನನಗೆ ಓದಿ ಹೇಳಲಾಯಿತು. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ. ಯಾರ ಒತ್ತಾಯವೂ ಇಲ್ಲ. ಸಹಿ ಹಾಕುವ ಮೊದಲು ನನ್ನ ಫೋನಿಗೆ ಬಂದ ಸಂದೇಶವನ್ನೂ ಸೇರಿಸಿಕೊಳ್ಳಬೇಕೆಂದು ಕೇಳಿಕೊಂಡಿದ್ದರಿಂದ ಇಲ್ಲಿ ಸೇರಿಸಲಾಗಿದೆ: "ಕೊಟ್ಟ ಮಾತಿನಂತೆ ನಿಮ್ಮ ಪಾರ್ಸೆಲ್ ಇವತ್ತೇ ತಲುಪಿದೆ."

ಸ್ಥಳ: ಪೊಲೀಸ್ ಠಾಣೆ, ಬರಹಗಾರರ ಕೊಠಡಿ
ದಿನಾಂಕ: ಈ ತಿಂಗಳ 14, ಮಂಗಳವಾರ, ಸಂಜೆ 7.55
ಸಹಿ: (ಮೃತರ ಮಗಳು, ಪಾರ್ಸೆಲ್ ಕಳಿಸಿದವರು)